ಸುಳಿ ನೋಡುವ ಕಣ್ಣು

ಒಂದು ಪ್ರಾಣಿಯನ್ನು ಇಂಚಿಂಚೂ ಬಿಡದೆ ನೋಡಿದವನಿಗೆ ಅದರ ಮೇಲೆ ಕರುಣೆ ಹುಟ್ಟಲೇಬೇಕೇ? ಯೇವಲೆಗೆ ಬಂದು ನೆಲೆಸಿದ ಮೇಲೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಇದು ಪೈಠಣಿ ಸೀರೆಯ ಊರು ಅಂತ ನಮ್ಮ ಕಡೆಯವರಿಗೆ ಗೊತ್ತು. ತಾತ್ಯಾ ಟೋಪೆ ಹುಟ್ಟಿದ ಊರು, ಹಿಂದೂವಾಗಿ ಸಾಯುವುದಿಲ್ಲವೆಂದು ಅಂಬೇಡ್ಕರರು 1935ರಲ್ಲಿ ಸಾರಿದ ಊರು ಅಂತಲೂ ಕೆಲವರಿಗೆ ಗೊತ್ತಿರಬಹುದು. ಇಲ್ಲಿನ ಮಂಗಳವಾರದ ಸಂತೆಯಲ್ಲಿ ಕುದುರೆ ಮಾರುತ್ತಾರೆ, ದಸರೆಯ ಹೊತ್ತಿಗೆ ಅದು ದೊಡ್ಡ ಬಾಜಾರೇ ಆಗುತ್ತದೆ ಅಂದರೆ ಮಾತ್ರ ಊರಿಂದ ಬಂದವರು ಹುಬ್ಬೇರಿಸುತ್ತಾರೆ.

ಗಿರಾಕಿ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಕಾಲೆತ್ತಿ ಗೊರಸು. ಆಮೇಲೆ ಹಣೆ, ಕುತ್ತಿಗೆ, ಎದೆಯ ಮೇಲಿನ ಸುಳಿ, ಥೇಟ್ ನಮ್ಮಲ್ಲಿ ಎತ್ತಿಗೆ ನೋಡಿದ ಹಾಗೆ. ಸುಳಿ ಬೇಡದ ಜಾಗದಲ್ಲಿದ್ದರೆ ಬೆಲೆ ಇಳಿಯಿತು. ಕಣ್ಣನ್ನೂ ನೋಡುತ್ತಾನೆ, ಪೊರೆ ಗಿರೆ ಬಂದಿದೆಯೋ ಅಂತ.

ಇಂಗ್ಲೆಂಡಿನಲ್ಲಿ ಜಾರ್ಜ್ ಸ್ಟಬ್ಸ್ ಎಂಬ ಚಿತ್ರಗಾರನಿದ್ದ (1724–1806). ಕುದುರೆಯನ್ನು ಇವನಷ್ಟು ನೋಡಿದವರು ಇಲ್ಲ. ಲಿಂಕನ್‌ಶೈರಿನ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಸುಮಾರು ಒಂದೂವರೆ ವರ್ಷ ಕುದುರೆಗಳನ್ನು ಕೊಂದು, ಕೊಕ್ಕೆಗೆ ತೂಗುಹಾಕಿ, ಚರ್ಮದಿಂದ ಎಲುಬಿನವರೆಗೆ ಪದರ ಪದರವಾಗಿ ಬಿಡಿಸಿ ಬರೆದುಕೊಂಡ. 1766ರಲ್ಲಿ ಅದು ಪುಸ್ತಕವಾಯಿತು. ವಾಸನೆಯನ್ನು ಹೇಗೆ ತಡೆದನೋ, ಪುಣ್ಯಾತ್ಮ! ಅವನ 'ವಿಸಲ್‌ಜಾಕೆಟ್' ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಸವಾರನಿಲ್ಲ, ಜೀನಿಲ್ಲ, ನಿಲ್ಲಲು ನೆಲವೂ ಇಲ್ಲ, ಬರೀ ಕುದುರೆ. ಎಲ್ಲರೂ ಹೊಗಳುವ ಚಿತ್ರ ಅದು. ನನಗೇಕೋ ಮದುವೆ ಮೆರವಣಿಗೆಯ ಸಿಂಗಾರದ ಕುದುರೆ ನೆನಪಾಗುತ್ತದೆ. ಚೆಂದ ಹೌದು, ಅದರ ಬದುಕಿನ ಸುದ್ದಿ ಮಾತ್ರ ನಮಗೆ ತಿಳಿಯುವುದಿಲ್ಲ.

ನನ್ನನ್ನು ಕಾಡುವುದು 1800ರ 'ಹ್ಯಾಂಬಲ್ಟೋನಿಯನ್'. ಹಿಂದಿನ ವರ್ಷ ನ್ಯೂಮಾರ್ಕೆಟ್ಟಿನಲ್ಲಿ ನಾಲ್ಕು ಮೈಲಿಯ ಪಂದ್ಯ ನಡೆದಿತ್ತು, ಮೂರು ಸಾವಿರ ಗಿನಿಯ ಬಾಜಿ. ಚಾಟಿ, ಮುಳ್ಳುಗಳಿಂದ ಮೈ ಹರಿದುಕೊಂಡು ಈ ಕುದುರೆ ಗೆದ್ದಿತು. ಒಡೆಯ ಸರ್ ಹೆನ್ರಿ ವೇನ್-ಟೆಂಪೆಸ್ಟ್ ಗೆಲುವಿನ ನೆನಪಿಗೆ ಚಿತ್ರ ಬೇಕೆಂದ. ಎಪ್ಪತ್ತೈದು ದಾಟಿದ ಸ್ಟಬ್ಸ್ ಈ ಚಿತ್ರದಲ್ಲಿ ಗೆಲುವನ್ನು ಬರೆಯಲಿಲ್ಲ. ಪಂದ್ಯ ಮುಗಿದಿದೆ, ದಣಿದ ಕುದುರೆಯ ಮೈ ಒರೆಸುತ್ತಿದ್ದಾರೆ. ಲಾಯದ ಹುಡುಗನ ಕೈ ಅದರ ಬೆನ್ನ ಮೇಲಿದೆ, ಕಣ್ಣು ನಮ್ಮ ಮೇಲೆ. ಒಡೆಯ ದುಡ್ಡು ಕೊಡಲಿಲ್ಲ. ಮುದುಕ ಕೋರ್ಟಿಗೆ ಹೋಗಬೇಕಾಯಿತು.

ಇಲ್ಲೇ ನಾನು ಸಿಕ್ಕಿಹಾಕಿಕೊಳ್ಳುವುದು. ಈ ನೋವನ್ನು ಇಷ್ಟು ನಿಖರವಾಗಿ ಕಂಡ ಕಣ್ಣು ಹಾರ್ಕ್‌ಸ್ಟೋದ ಕೊಕ್ಕೆಗಳ ಕೆಳಗೇ ಪಳಗಿದ್ದು. ದಣಿದ ಸ್ನಾಯು ಎಲ್ಲಿ ಬಿಗಿಯುತ್ತದೆ ಅಂತ ಕೊಯ್ದು ಕಲಿತಿದ್ದ. ಹಾಗಾದರೆ ಆ ಕ್ರೌರ್ಯವೇ ಈ ಕರುಣೆಯ ಬೆಲೆಯೇ? ಕಲೆಗಾಗಿ ಅಷ್ಟು ನಡೆಯುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪಲಾರೆ: ಚಿತ್ರ ಎಷ್ಟು ದೊಡ್ಡದಾದರೂ ಸತ್ತ ಕುದುರೆಗಳ ಲೆಕ್ಕ ಚುಕ್ತಾ ಆಗುವುದಿಲ್ಲ. ಆದರೆ ಅವನನ್ನು ಕಟುಕ ಅಂತ ತಳ್ಳಿಹಾಕಲೂ ಮನಸ್ಸು ಬಾರದು. ಸುಳಿ ನೋಡುವ ಗಿರಾಕಿಯೂ ಅಷ್ಟೇ ಗಮನವಿಟ್ಟು ನೋಡುತ್ತಾನಲ್ಲ! ಅವನ ನೋಟ ಬೆಲೆ ಕುದುರಿದ ಕೂಡಲೇ ಮುಗಿಯುತ್ತದೆ. ಸ್ಟಬ್ಸನ ನೋಟ ಮುಗಿಯಲಿಲ್ಲ; ದುಡ್ಡು ಕೊಡುವವನಿಗೆ ಬೇಡವಾದದ್ದನ್ನೂ ಅದು ಕಂಡಿತು. ಹಮ್ಪಿಯ ಮಹಾನವಮಿ ದಿಬ್ಬದ ಮೇಲೆ ಕುದುರೆ ಹಿಡಿದು ತರುವ ಪರದೇಶಿ ವ್ಯಾಪಾರಿಗಳನ್ನು ಕೆತ್ತಿದ್ದಾರೆ. ಮೈ ಒರೆಸುವವನನ್ನು ನಾನು ಅಲ್ಲಿ ಕಂಡಿಲ್ಲ.

ಇಲ್ಲಿಯ ಬಾಜಾರಿನಲ್ಲಿ ಅವನಿದ್ದಾನೆ, ಹದಿನೇಳರ ಹುಡುಗ. ಸುಳಿಯ ಗೊಡವೆ ಅವನಿಗಿಲ್ಲ, ಹುಲ್ಲಿನ ಹಿಡಿಯಿಂದ ಬೆನ್ನು ತಿಕ್ಕುತ್ತಿದ್ದ. ಇದನ್ನ ಮಾರಿದ್ರೆ ಬೇಜಾರಾಗೋದಿಲ್ವೇನೋ ಅಂತ ನನ್ನ ಹರಕುಮುರುಕು ಮರಾಠಿಯಲ್ಲಿ ಕೇಳಿದೆ.

"ಆಗ್ತದೆ ಕಾಕಾ," ಅಂದ. "ತಂದಿದ್ದೇ ಮಾರೋದಕ್ಕಲ್ಲ." ತಿಕ್ಕುವುದನ್ನು ನಿಲ್ಲಿಸಲಿಲ್ಲ.