ಗಿಡಕ್ಕೆ ಫಿಲ್ಟರ್ ನೀರು

"ಅಲ್ಲಪ್ಪಾ, ಗಿಡಕ್ಕೆ ಫಿಲ್ಟರ್ ನೀರು ಹಾಕ್ತೀಯಾ?"

ಅವ್ವ ಕೇಳಿದ್ದು ಇಷ್ಟೇ. ಬೈದಿದ್ದರೆ ನಾನೂ ಏನಾದರೂ ತಿರುಗಿ ಅನ್ನಬಹುದಿತ್ತು. ಅವಳು ನಿಜವಾಗಲೂ ಅರ್ಥವಾಗದೆ ಕೇಳಿದ ಹಾಗಿತ್ತು. ಅದಕ್ಕೇ ಆ ಮಾತು ಇವತ್ತಿಗೂ ತಲೆಯಿಂದ ಹೋಗಿಲ್ಲ.

ಇದು 2021ರ ಮಾತು. ವರ್ಕ್ ಫ್ರಮ್ ಹೋಮ್ ಅಂತ ಮೊಳಕಾಲ್ಮೂರು ತಾಲ್ಲೂಕಿನ ನಮ್ಮೂರಿಗೆ ಬಂದು ವರ್ಷ ಕಳೆದಿತ್ತು. ಬೆಂಗಳೂರಿನ ರೂಮಿನಲ್ಲಿದ್ದ ಅಕ್ವೇರಿಯಂ ಕೂಡ ನನ್ನ ಜೊತೆ ಊರಿಗೆ ಬಂದಿತ್ತು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ. ತುಂಬಿದರೆ ಸುಮಾರು 56 ಲೀಟರ್. ವಾರಕ್ಕೊಮ್ಮೆ ಅದರಲ್ಲಿ ಮೂರನೇ ಒಂದು ಭಾಗ ನೀರು ಬದಲಾಯಿಸಬೇಕು. ಅಂದರೆ ಹೆಚ್ಚುಕಮ್ಮಿ ಒಂದು 20 ಲೀಟರಿನ ಕ್ಯಾನು.

ನಮ್ಮ ಬೋರಿನ ನೀರು ಎಂಥದ್ದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಲೋಟ ತೊಳೆದಿಟ್ಟರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಗಡಸು ಒಂದೇ ಆಗಿದ್ದರೆ ಪರವಾಗಿಲ್ಲ, ಫ್ಲೋರೈಡ್ ಬೇರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಅಂತ ನಿಯಮ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರುಗಳು ಆ ಗೆರೆ ದಾಟಿವೆ. ಅಪ್ಪನ ಹಲ್ಲಿನ ಮೇಲಿನ ಕಂದು ಪಟ್ಟೆಯನ್ನು ನಾನು ಚಿಕ್ಕವನಿದ್ದಾಗ ಎಲೆ ಅಡಿಕೆ ಕಲೆ ಅಂದುಕೊಂಡಿದ್ದೆ. ಅಪ್ಪ ಎಲೆ ಅಡಿಕೆ ಹಾಕುವವನೇ ಅಲ್ಲ.

ಹಾಗಾಗಿ ಕುಡಿಯೋಕೆ ಅಡುಗೆಗೆ ಫಿಲ್ಟರ್ ನೀರು. ಐದು ರೂಪಾಯಿ ಕಾಯಿನ್ ಹಾಕಿದರೆ ಒಂದು ಕ್ಯಾನ್. ಕರೆಂಟ್ ಹೋದರೆ ಅದೂ ಇಲ್ಲ. ಕ್ಯಾನು ಸಾಲಿನಲ್ಲಿಟ್ಟು ಹೆಂಗಸರು ಕಟ್ಟೆ ಮೇಲೆ ಕೂತಿರುತ್ತಾರೆ. ಇನ್ನೊಂದು ವಿಷಯ, ಆ ಯಂತ್ರ ಒಂದು ಕ್ಯಾನ್ ಒಳ್ಳೆ ನೀರು ಕೊಡುವಾಗ ಪಕ್ಕದ ಪೈಪಿನಲ್ಲಿ ಉಪ್ಪು ತುಂಬಿದ ನೀರನ್ನು ಚರಂಡಿಗೆ ಬಿಡುತ್ತಲೇ ಇರುತ್ತದೆ. ನನ್ನ ತೊಟ್ಟಿಯ ಒಂದು ಕ್ಯಾನಿಗೆ ನೆಲದಿಂದ ಎಷ್ಟು ಎತ್ತಿದ್ದೇವೆ ಅನ್ನೋದು ಕ್ಯಾನ್ ನೋಡಿದರೆ ಗೊತ್ತಾಗಲ್ಲ.

ಯಾಕೆ ಬೇಕಿತ್ತು ನನಗೆ ಆ ನೀರು? ನಾನು ಆರಿಸಿದ್ದ ಗಿಡಗಳಿಂದ. ಬೆಂಗಳೂರಿನಲ್ಲಿ ವಿಡಿಯೋ ನೋಡಿ ನೋಡಿ ಕಬೊಂಬಾ ತಂದಿದ್ದೆ, ನೆಲಕ್ಕೆ ಹಸಿರು ಜಮಖಾನ ಹಾಸಿದ ಹಾಗೆ ಬೆಳೆಯುವ ಇನ್ನೊಂದನ್ನು ತಂದಿದ್ದೆ, ಜೊತೆಗೆ ನಿಯಾನ್ ಟೆಟ್ರಾ ಮೀನು. ಕಬೊಂಬಾ, ಟೆಟ್ರಾ ಎರಡೂ ಅಮೆರಿಕ ಖಂಡದ ಮೆದು ನೀರಿನವು. ಜಮಖಾನದ ಗಿಡಕ್ಕಂತೂ ಜೋರು ಬೆಳಕು ಬೇಕು, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬೇಕು. ನಮ್ಮೂರಿನ ನೀರಿನಲ್ಲಿ ಕಬೊಂಬಾ ಹದಿನೈದು ದಿನಕ್ಕೆ ಎಲೆ ಉದುರಿಸಿಕೊಂಡು ಬರೀ ಕಡ್ಡಿಯಾಯ್ತು. ನೀರು ಸರಿಯಿಲ್ಲ ಅಂತ ತೀರ್ಮಾನಿಸಿ ಕ್ಯಾನ್ ತರಲು ಶುರು ಮಾಡಿದೆ. ಗಿಡ ಸರಿಯಿಲ್ಲ, ಅಂದರೆ ಗಿಡ ಆರಿಸಿದವನು ಸರಿಯಿಲ್ಲ ಅಂತ ಹೊಳೆಯಲಿಲ್ಲ.

ಆಮೇಲೆ ಪಾಚಿ ಬಂತು.

ಮೊದಲು ಗಾಜಿನ ಮೇಲೆ ಹಸಿರು ಚುಕ್ಕೆ, ನಂತರ ಕಲ್ಲಿನ ಮೇಲೆ ಕೂದಲಿನಂಥದ್ದು, ಕೊನೆಗೆ ಸಾಯುತ್ತಿದ್ದ ಕಬೊಂಬಾ ಮೇಲೇ ನೂಲು ಸುತ್ತಿದ ಹಾಗೆ. ಈಗ ಹೇಳುವುದು ಸುಲಭ, ಕಾರಣ ನಾನೇ. ರಾತ್ರಿ ಹನ್ನೊಂದರ ತನಕ ಕಾಲ್‌ಗಳಿರುತ್ತಿದ್ದವು, ಹಿಂದೆ ತೊಟ್ಟಿ ಚೆನ್ನಾಗಿ ಕಾಣಲಿ ಅಂತ ದಿನಕ್ಕೆ ಹನ್ನೆರಡು ಗಂಟೆ ಲೈಟ್. ಆರೆಂಟು ಗಂಟೆ ಸಾಕು. ಬೇಜಾರಾದಾಗಲೆಲ್ಲ ಮೀನಿಗೊಂದು ಚಿಟಿಕೆ ಕಾಳು. ತಿನ್ನದೆ ಉಳಿದದ್ದು ಕೊಳೆತು ನೀರಿಗೆ ಗೊಬ್ಬರ. ಬೆಳಕಿದೆ, ಗೊಬ್ಬರವಿದೆ, ಅದನ್ನು ಉಣ್ಣಬೇಕಾದ ಗಿಡ ಕಾಯಿಲೆ ಬಿದ್ದಿದೆ. ಎಲೆ ಹಾಕಿ ಬಡಿಸಿಟ್ಟ ಊಟಕ್ಕೆ ಯಾರೋ ಒಬ್ಬರು ಬಂದು ಕೂರಲೇಬೇಕಲ್ಲ, ಪಾಚಿ ಬಂದು ಕೂತಿತು.

ನಾನು ಮಾಡಿದ್ದು ಔಷಧಿ ತರಿಸಿದ್ದು. ತಾಮ್ರ ಇರುವ ಪಾಚಿನಾಶಕ. ಬಾಟಲಿ ಮೇಲೆ ಬರೆದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿದೆ. ಮೂರು ದಿನಕ್ಕೆ ಪಾಚಿ ಬೂದಿ ಬಣ್ಣಕ್ಕೆ ತಿರುಗಿತು. ಬಸವನಹುಳುಗಳು ತಾಮ್ರ ತಡೆಯಲ್ಲ, ಅವು ಹಿಡಿತ ಬಿಟ್ಟು ತಳಕ್ಕೆ ಬಿದ್ದವು. ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ. ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಟೆಟ್ರಾಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗಾಳಿಗೆ ಒದ್ದಾಡುತ್ತಿದ್ದವು. ಆರು ಸತ್ತವು.

ನನ್ನ ಕೆಲಸದಲ್ಲಿ ಇದಕ್ಕೊಂದು ಹೋಲಿಕೆ ಇದೆ. ಸರ್ವರ್ ರಾತ್ರಿ ಎಲ್ಲ ಅಲರ್ಟ್ ಕಳಿಸುತ್ತಿದ್ದರೆ, ಬಗ್ ಹುಡುಕೋದು ಬಿಟ್ಟು ಅಲರ್ಟನ್ನೇ ಆಫ್ ಮಾಡುವವರು ಇರುತ್ತಾರೆ. ಅವರನ್ನು ರಿವ್ಯೂನಲ್ಲಿ ಬೈದಿದ್ದೇನೆ. ಮನೆಯಲ್ಲಿ ನಾನು ಮಾಡಿದ್ದೂ ಅದನ್ನೇ. ಅಲ್ಲಿ ಸಾಯುವುದು ಏನೂ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಇವೆ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದವು. ತಂದೆತಾಯಿ ಮಾತು ಕೇಳು, ಜೀವಿಗಳ ಬಗ್ಗೆ ದಯೆ ಬಿಡಬೇಡ, ಸತ್ಯ ಹೇಳು, ಸಾರಾಂಶ ಇಷ್ಟು. ಸ್ಕೂಲ್ ಟ್ರಿಪ್‌ನಲ್ಲಿ ನೋಡಿದ್ದೆ, ಆಗ ಚುರುಮುರಿ ಕಡೆಗೇ ಗಮನ. ಪಾಚಿಯೂ ಜೀವಿಯೇ, ಕೊಂದಿದ್ದು ತಪ್ಪಾ ಅಂತ ಕೇಳಿದರೆ ನನಗೆ ಹಾಗನ್ನಿಸಲ್ಲ. ಅಪ್ಪ ವರ್ಷವಿಡೀ ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಾನೆ, ಅದನ್ನು ಪಾಪ ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಅಪ್ಪ ಕಳೆ ಕಿತ್ತರೆ ಬೆನ್ನು ನೋಯುವುದು ಅಪ್ಪನದ್ದೇ. ನನ್ನ ತೊಟ್ಟಿಯಲ್ಲಿ ತಪ್ಪು ನನ್ನದು, ದಂಡ ಕಟ್ಟಿದ್ದು ಹುಳು, ಮೀನು, ಮತ್ತೆ ಫಿಲ್ಟರ್ ನೀರಿನ ಸಾಲಿನಲ್ಲಿ ನನ್ನ ಹಿಂದೆ ನಿಂತವರು.

ವಾರಕ್ಕೆ 20 ಲೀಟರ್ ಒಂದು ಲೆಕ್ಕವಾ ಅಂತ ನಾನೂ ವಾದ ಮಾಡಿಕೊಂಡಿದ್ದೇನೆ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಕಾರು ತೊಳೆಯಲು ಅದರ ಎಷ್ಟು ಪಟ್ಟು ಸುರಿಯುತ್ತಾರೆ. ವಾದ ಸರಿಯಾಗೇ ಇದೆ. ಆದರೂ ಕಟ್ಟೆ ಮೇಲೆ ಕೂತವರ ಮುಂದೆ "ಇದು ಮೀನಿನ ತೊಟ್ಟಿಗೆ" ಅಂತ ಹೇಳಿ ಒಂದು ದಿನವೂ ನಾನು ಕ್ಯಾನ್ ತುಂಬಿಸಲಿಲ್ಲ. ಹೇಳಲು ಆಗದೇ ಇದ್ದದ್ದಕ್ಕೆ ಏನೋ ಕಾರಣ ಇರಬೇಕಲ್ಲ.

2022ರಲ್ಲಿ ಮಳೆ ಹೇಗೆ ಬಂತು ನೆನಪಿದೆಯಲ್ಲ, ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ನಮ್ಮ ಕಡೆಯ ಕೆರೆಗಳಿಗೂ ನೀರು ಬಂತು. ಕೆಲವು ತಿಂಗಳ ನಂತರ ನಮ್ಮೂರ ಕೆರೆ ಅಂಚಿನಲ್ಲಿ ಹೈಡ್ರಿಲ್ಲಾ ಕಂಡಿತು. ಅದರ ಗೆಡ್ಡೆಗಳು ಕೆಸರಿನಲ್ಲಿ ವರ್ಷಗಟ್ಟಲೆ ಮಲಗಿರಬಲ್ಲವು. ಒಂದು ಹಿಡಿ ತಂದೆ. ಅಪ್ಪ ನೋಡಿ, "ಅಂಗಡಿ ಪಾಚಿ ತೆಗ್ಯಾಕೆ ಔಷಧಿ ಹಾಕ್ದೆ, ಈಗ ಕೆರೆ ಪಾಚಿ ತಂದೇನು?" ಅಂದ. ನಮ್ಮೂರಲ್ಲಿ ನೀರೊಳಗೆ ಹಸಿರಾಗಿರೋದೆಲ್ಲ ಪಾಚಿಯೇ. ಗಿಡ, ಕಳೆ, ಪಾಚಿ ಅಂತ ಪಂಕ್ತಿ ಮಾಡಿದ್ದು ನಾನು.

ಹೈಡ್ರಿಲ್ಲಾ ಗಡಸು ನೀರಿಗೆ ಹೆದರಲಿಲ್ಲ. ಆ ನೀರಿನಲ್ಲೇ ಕರಗಿರುವ ಬೈಕಾರ್ಬೊನೇಟಿನಿಂದ ಅದು ಇಂಗಾಲ ತೆಗೆದುಕೊಳ್ಳಬಲ್ಲದು, ಸಿಲಿಂಡರ್ ಬೇಡ. ಭರಭರ ಬೆಳೆದು ನೀರಿನ ಗೊಬ್ಬರವನ್ನೆಲ್ಲ ತಾನೇ ಉಂಡಿತು. ಲೈಟು ಏಳು ಗಂಟೆಗೆ ಇಳಿಸಿದೆ, ಕಾಳು ಕಡಿಮೆ ಮಾಡಿದೆ, ಗಡಸು ನೀರು ಒಗ್ಗುವ ಗಪ್ಪಿ ತಂದು ಬಿಟ್ಟೆ. ನೀರು ಬದಲಾಯಿಸಲು ಈಗ ಬೋರಿನದ್ದೇ ಸಾಕು. ತೆಗೆದ ನೀರನ್ನು ಅವ್ವ ಕರಿಬೇವಿಗೆ ಹಾಕುತ್ತಾಳೆ. ಪಾಚಿ ಪೂರ್ತಿ ಹೋಗಿಲ್ಲ. ಹಿಂದಿನ ಗಾಜಿನದ್ದನ್ನು ನಾನು ಉಜ್ಜುವುದಿಲ್ಲ, ಹೊಸ ಬಸವನಹುಳುಗಳು ಅದನ್ನೇ ಮೇಯುತ್ತವೆ.

ಹೈಡ್ರಿಲ್ಲಾ ಸಾಧು ಅಂತ ಹೇಳುತ್ತಿಲ್ಲ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದವರ ಮೂಲಕ ಫ್ಲೋರಿಡಾಕ್ಕೆ ಹೋದದ್ದು ಅಲ್ಲಿನ ಕೆರೆ ಕಾಲುವೆಗಳನ್ನು ಕಟ್ಟಿಹಾಕಿದೆ. ಕಬೊಂಬಾ ಹಾಗೇ ಇತ್ತ ಬಂದಿದೆ. 2020ರ ಕೊನೆಯಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಆವಳ ಪಾಂಡಿಯಲ್ಲಿ ಕಾಲುವೆ ಪೂರ್ತಿ ಗುಲಾಬಿ ಹೂವಾಗಿ ಜನ ಫೋಟೋಗೆ ಮುಗಿಬಿದ್ದಿದ್ದರಲ್ಲ, ಅದು ಕಬೊಂಬಾ ಜಾತಿಯದ್ದೇ.

ಅದಕ್ಕೇ ಕೊನೆಗೆ ಉಳಿದ ನಾಲ್ಕು ಕಡ್ಡಿ ಕಬೊಂಬಾ ಕಷ್ಟಕ್ಕೆ ಇಟ್ಟಿತು. ಅಷ್ಟೆಲ್ಲ ಆದರೂ ಬದುಕಿದ್ದವು, ತುದಿಯಲ್ಲಿ ಹೊಸ ಎಲೆ ಕೂಡ ಬಂದಿತ್ತು. ಅಕ್ಕನ ಮಗ, "ಮಾಮ, ಕೆರೆಗೆ ಬಿಡಣ, ಪಾಪ" ಅಂದ. ಬೇಡ ಅಂದೆ. ಯಾಕೆ ಅಂತ ಅವನಿಗೆ ಹೇಳಲು ಅರ್ಧ ಗಂಟೆ ಬೇಕಾಯ್ತು, ಪೂರ್ತಿ ಒಪ್ಪಿದನೋ ಗೊತ್ತಿಲ್ಲ. ಮಾಳಿಗೆ ಮೇಲೆ ಹಳೇ ಗೋಣಿಚೀಲ ಹಾಸಿ ನಾನೇ ಹರಡಿ ಬಂದೆ. ನಮ್ಮ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ಒಣಗಿ ಪುಡಿಯಾಗಿತ್ತು. ಸಂಜೆ ಅವ್ವ ಗುಡಿಸಿ ತಿಪ್ಪೆಗೆ ಹಾಕಿದಳು. "ಎಷ್ಟು ಕೊಟ್ಟಿದ್ದೆ ಇದಕ್ಕೆ?" ಅಂತ ಕೇಳಿದಳು. ಕಡಿಮೆ ಮಾಡಿ ಹೇಳಿದೆ.