ಊಟ ಯಾರ ಇಚ್ಛೆ?

ಊಟದ ವಿಷಯದಲ್ಲಿ ನಮ್ಮ ಹಿರಿಯರು ಎರಡು ಗಾದೆಗಳನ್ನು ಬಿಟ್ಟುಹೋಗಿದ್ದಾರೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬುದು ಒಂದು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಇನ್ನೊಂದು. ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಪರೀಕ್ಷೆಯಲ್ಲಿ ಕೇಳುವಾಗ ಇವೆರಡನ್ನೂ ಒಂದೇ ಪ್ರಶ್ನೆಪತ್ರಿಕೆಯಲ್ಲಿ ಕೊಡಲು ನನಗೆ ಹಿಂಜರಿಕೆ. ಕೊಟ್ಟರೆ ಯಾವುದಾದರೂ ಚುರುಕು ಮಗು ಎದ್ದು ನಿಂತು, “ಮಿಸ್, ಇದರಲ್ಲಿ ಯಾವುದು ಸರಿ?” ಎಂದು ಕೇಳಬಹುದು. ಮೊದಲನೆಯದು ಊಟ ನಿನ್ನ ಇಷ್ಟ ಎನ್ನುತ್ತದೆ. ಎರಡನೆಯದು ಇಷ್ಟವೊಂದೇ ಸಾಲದು, ತಿಳಿದು ಉಣ್ಣಬೇಕು ಎನ್ನುತ್ತದೆ. ಹಾಗಾದರೆ ಆರೋಗ್ಯಕ್ಕೆ ಒಳ್ಳೆಯ ಊಟ ಎನ್ನುವುದು ಅವರವರ ಅಭಿಪ್ರಾಯವೋ, ಎಲ್ಲರಿಗೂ ಒಂದೇ ಆದ ಸತ್ಯವೋ?

ನಮ್ಮ ಶಾಲೆಯ ಉಪಾಧ್ಯಾಯಿನಿಯರ ಕೊಠಡಿಗೆ ಮಧ್ಯಾಹ್ನ ಬಂದರೆ ಅದು ಅಭಿಪ್ರಾಯವೇ ಇರಬೇಕು ಅನ್ನಿಸುತ್ತದೆ. ನಾಲ್ಕು ಡಬ್ಬಿ, ನಾಲ್ಕು ಸಿದ್ಧಾಂತ. ಒಬ್ಬರ ಡಬ್ಬಿಯಲ್ಲಿ ನವಣೆ ಅನ್ನ. ಮನೆಯವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಆ ಮನೆಯಲ್ಲಿ ಅಕ್ಕಿಯೇ ಬೇಯುವುದಿಲ್ಲ. ಇನ್ನೊಬ್ಬರ ಪಲ್ಯದಲ್ಲಿ ಎಣ್ಣೆಯ ಪಸೆಯೂ ಇರುವುದಿಲ್ಲ. ಅವರ ತಂದೆಗೆ ಎದೆನೋವು ಬಂದಿತ್ತು. ಮತ್ತೊಬ್ಬರು ರಾಗಿ ರೊಟ್ಟಿಗೆ ಬೆಣ್ಣೆ ಹಚ್ಚಿಕೊಂಡು, “ಬಾಣಂತನದಲ್ಲಿ ಅಮ್ಮ ತಿನ್ನಿಸಿದ ತುಪ್ಪದಿಂದಲೇ ಇನ್ನೂ ನಿಂತಿದ್ದೀನಿ” ಎನ್ನುತ್ತಾರೆ. ನಾಲ್ಕನೆಯವರು ಸೂರ್ಯ ಮುಳುಗಿದ ಮೇಲೆ ಹಣ್ಣು ಬಿಟ್ಟು ಬೇರೇನೂ ಮುಟ್ಟರು. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಮಾತು ಬಂದರಂತೂ ಕೊಠಡಿ ಎರಡು ಪಕ್ಷವಾಗುತ್ತದೆ. ಹಬೆಯಲ್ಲಿ ಬೆಂದದ್ದು, ಅದಕ್ಕಿಂತ ಒಳ್ಳೆಯದು ಯಾವುದು ಎಂದು ಒಂದು ಪಕ್ಷ. ಅಷ್ಟೂ ಅಕ್ಕಿಯೇ ಅಲ್ಲವೆ, ಮೇಲೆ ಬೆಣ್ಣೆ ಬೇರೆ ಎಂದು ಇನ್ನೊಂದು ಪಕ್ಷ.

ಈ ಮಾತುಗಳನ್ನು ಕೇಳಿ ಕೇಳಿ ನನಗೊಂದು ವಿಷಯ ಹೊಳೆದಿದೆ. ಪ್ರತಿಯೊಬ್ಬರ ಪಥ್ಯದ ಹಿಂದೆಯೂ ಅವರ ಮನೆಯ ಒಂದು ಕಾಯಿಲೆ ಇದೆ, ಇಲ್ಲವೇ ಅಮ್ಮನ ಒಂದು ಕೈತುತ್ತಿದೆ. ಹಾಗಾಗಿ ಆ ನಂಬಿಕೆಗಳನ್ನು ನೋಡಿ ನಗುವುದು ನನ್ನಿಂದಾಗದು. ಎಣ್ಣೆ ಮುಟ್ಟದ ಆ ಗೆಳತಿಯ ಕಣ್ಣಿಗೆ ಎಣ್ಣೆ ಕಂಡರೆ ಕಾಣುವುದು ಅಪ್ಪನ ಹಾಸಿಗೆ. ಅದನ್ನು ಪುಸ್ತಕ ಓದಿ ತಿದ್ದಲಾಗದು, ತಿದ್ದಬೇಕಾಗಿಯೂ ಇಲ್ಲ.

ಆದರೆ ಎಲ್ಲ ನಂಬಿಕೆಗಳೂ ಹೀಗೆ ನೋವಿನಿಂದ ಹುಟ್ಟಿದವಲ್ಲ. ಕೆಲವು ಹುಟ್ಟುವುದು ಅಂತಸ್ತಿನಿಂದ. ನಮ್ಮ ರಾಗಿಯನ್ನೇ ನೋಡಿ. ನಾನು ಹುಟ್ಟಿ ಬೆಳೆದ ಗೂಳೂರು ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಐದಾರು ಕಿಲೋಮೀಟರ್ ದೂರ. ನಾನು ಚಿಕ್ಕವಳಿದ್ದಾಗ ಅನ್ನ ಎಂದರೆ ಹಬ್ಬ, ಅನ್ನ ಎಂದರೆ ನೆಂಟರು. ಊರ ಕೆರೆಯ ಮಣ್ಣಿನಿಂದ ಮಾಡಿದ ನಮ್ಮ ದೊಡ್ಡ ಗಣಪತಿ ಕಾರ್ತಿಕ ಮಾಸದಲ್ಲಿ ಪೂಜೆಗೊಳ್ಳುವಾಗ ಮನೆಗೆ ನೆಂಟರು ಬರುವರು, ಆಗ ಅಕ್ಕಿಯ ಡಬ್ಬದ ಮುಚ್ಚಳ ತೆರೆಯುವುದು. ಮಿಕ್ಕ ದಿನಗಳಲ್ಲಿ ಎರಡು ಹೊತ್ತೂ ಮುದ್ದೆ, ಸೊಪ್ಪಿನ ಸಾರು. ಪೇಟೆಯ ಕಾಲೇಜಿಗೆ ಹೋದಾಗ ನಮ್ಮಲ್ಲಿ ಎಷ್ಟೋ ಹುಡುಗಿಯರು ಮನೆಯಲ್ಲಿ ಮುದ್ದೆ ಉಣ್ಣುವುದನ್ನು ಹೇಳಿಕೊಳ್ಳುತ್ತಿರಲಿಲ್ಲ. ಗಂಡು ನೋಡಲು ಬಂದವರ ಮುಂದೆ ತಾಯಂದಿರು, “ನಮ್ಮ ಮನೇಲಿ ಅನ್ನಾನೇ ಜಾಸ್ತಿ” ಎನ್ನುತ್ತಿದ್ದರು.

ಇದೇನೂ ಹೊಸ ಜಗಳವಲ್ಲ. ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ ಬರೆದದ್ದೇ ಇದರ ಮೇಲೆ. ಧಾನ್ಯಗಳಲ್ಲಿ ಯಾರು ಮೇಲು ಎಂದು ಭತ್ತಕ್ಕೂ ರಾಗಿಗೂ ರಾಮನ ಮುಂದೆ ವಾದವಾಗುತ್ತದೆ. ನೀನು ಉಳ್ಳವರ ಪಕ್ಷ, ಬಡವರನ್ನು ಕಣ್ಣೆತ್ತಿ ನೋಡುವುದಿಲ್ಲ ಎಂದು ರಾಗಿ ಭತ್ತವನ್ನು ಹಂಗಿಸುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ತೆಗೆದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ರಾಘವನೆಂಬ ತನ್ನ ಹೆಸರನ್ನೇ ರಾಮ ಅದಕ್ಕೆ ಕೊಟ್ಟ ಎಂಬುದು ಕಥೆ. ಕಥೆಯಲ್ಲಿ ಗೆದ್ದ ರಾಗಿ ಊಟದ ಮನೆಯಲ್ಲಿ ಮಾತ್ರ ಸೋತೇ ಇತ್ತು. ಸರ್ಕಾರದ ಕಾಗದಗಳಲ್ಲೂ ಅದು ‘ಒರಟು ಧಾನ್ಯ’ವಾಗಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಆ ಹೆಸರನ್ನು ಬದಲಿಸಿ ಇವನ್ನು ‘ಪೌಷ್ಟಿಕ ಧಾನ್ಯ’ಗಳೆಂದು ಕರೆಯಿತು. ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದ್ದರೆ, ಪಾಲಿಶ್ ಅಕ್ಕಿಯಲ್ಲಿರುವುದು 10 ಮಿಲಿಗ್ರಾಂ ಆಸುಪಾಸು. ನಮ್ಮಜ್ಜಿ ಬೀಸಿದ ರಾಗಿಯಲ್ಲೂ ಇಷ್ಟೇ ಇತ್ತು. ಬದಲಾದದ್ದು ರಾಗಿಯಲ್ಲ, ಅದನ್ನು ಉಣ್ಣುವವರು. ಕೂಲಿಯವರು ಉಂಡಾಗ ಒರಟು, ಕಾರಿನಲ್ಲಿ ಬಂದವರು ಉಂಡಾಗ ಪೌಷ್ಟಿಕ!

ತಜ್ಞರೂ ತಮ್ಮ ಮಾತನ್ನು ಬದಲಿಸಿಕೊಂಡಿದ್ದಾರೆ. 1968ರಲ್ಲಿ ಅಮೆರಿಕದ ಹೃದ್ರೋಗ ಸಂಘ ವಾರಕ್ಕೆ ಮೂರು ಮೊಟ್ಟೆಯ ಹಳದಿಗಿಂತ ಹೆಚ್ಚು ಬೇಡ ಎಂದಿತ್ತು. 2015ರಲ್ಲಿ ಅದೇ ದೇಶದ ಆಹಾರ ಸೂಚಿ ಕೊಲೆಸ್ಟರಾಲಿಗೆ ಹಾಕಿದ್ದ ದಿನದ ಮಿತಿಯನ್ನು ಕೈಬಿಟ್ಟಿತು. ನಮ್ಮ ತಾಯಂದಿರ ಕಾಲದಲ್ಲಿ ವನಸ್ಪತಿ ಎಂದರೆ ನಾಗರಿಕತೆ. ಮದುವೆ ಮನೆಯ ಲಾಡುಗಳಿಗೆ ಅದೇ. ಅದರಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಆಮೇಲೆ ತಿಳಿದು, 2022ರಿಂದ ನಮ್ಮ ದೇಶದ ಎಣ್ಣೆ-ಕೊಬ್ಬುಗಳಲ್ಲಿ ಅದು ಶೇಕಡ 2ಕ್ಕಿಂತ ಹೆಚ್ಚಿರಬಾರದೆಂದು ನಿಯಮವಾಯಿತು.

ಇದನ್ನೆಲ್ಲ ಕೇಳಿ, ‘ಹಾಗಾದರೆ ಯಾವುದನ್ನೂ ನಂಬುವಂತಿಲ್ಲ, ನಾಲಿಗೆ ಹೇಳಿದ್ದೇ ವೇದ’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಭಿಪ್ರಾಯ ಬದಲಾಗುತ್ತದೆ ಎಂದ ಮಾತ್ರಕ್ಕೆ ರಕ್ತ ಅಭಿಪ್ರಾಯವಾಗುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇಕಡ 47.8ರಷ್ಟು ಜನಕ್ಕೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 65.5. ಪ್ರಾರ್ಥನೆಗೆ ನಿಂತ ಸಾಲಿನಲ್ಲಿ ತಲೆ ಸುತ್ತಿ ಕುಳಿತುಬಿಡುವ ಹುಡುಗಿಯ ಮುಂದೆ ‘ಊಟ ತನ್ನಿಚ್ಛೆ’ ಎಂದು ಹೇಳಿ ಕೈತೊಳೆದುಕೊಳ್ಳಲು ಯಾವ ಉಪಾಧ್ಯಾಯಿನಿಗೂ ಬಾಯಿ ಬಾರದು.

ಅಂದರೆ ಎರಡು ಗಾದೆಗಳೂ ಸರಿಯೇ. ನನ್ನ ತಟ್ಟೆಗೆ ಮೊದಲನೆಯದು. ಇನ್ನೊಬ್ಬರ ತಟ್ಟೆಗೆ ಬಡಿಸುವಾಗ ಮಾತ್ರ ಎರಡನೆಯದು ಬೇಕು. ಅದೂ ಅದರ ಎರಡು ಅರ್ಧಗಳೂ ಬೇಕು. ಊಟವನ್ನು ಬಲ್ಲರೆ ಸಾಲದು, ಮಾತನ್ನೂ ಬಲ್ಲಿರಬೇಕು.

ಮಾತಿನ ವಿಷಯ ಏಕೆ ಬಂತೆಂದರೆ, ಅದು ನಮ್ಮ ಶಾಲೆಗಳಿಗೆ ಮೊಟ್ಟೆಯ ಜೊತೆಗೇ ಬಂತು. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಇವುಗಳಿಗೆ ಯಾರ ತಕರಾರೂ ಇರಲಿಲ್ಲ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಆಕ್ಷೇಪಿಸಿದರು. ಗಂಗಾವತಿಯಲ್ಲಿ ಶಾಲೆಯ ಹೆಣ್ಣುಮಕ್ಕಳೇ ಮುಂದೆ ಬಂದು ನಮಗೆ ಮೊಟ್ಟೆ ಬೇಕು ಎಂದರು. 2022ರಲ್ಲಿ ನಮ್ಮ ಜಿಲ್ಲೆಯೂ ಸೇರಿ ಎಲ್ಲ ಕಡೆಗೂ ಬಂತು. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಕೊಡುವ ಏರ್ಪಾಡಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು.

ನಮ್ಮ ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ನಾನೂ ತಿನ್ನುವುದಿಲ್ಲ. ಶಾಲೆಯಲ್ಲಿ ಮಾತ್ರ ಮೊಟ್ಟೆಗಳನ್ನು ಎಣಿಸಿ, ಬೇಯಿಸಿ ತಂದದ್ದನ್ನು ನಿಂತು ಹಂಚಿಸುವ ಕೆಲಸ ನನ್ನದೂ ಹೌದು. ಇದು ತಿಳಿದ ನಮ್ಮ ಸೋದರತ್ತೆ ಒಂದು ದಿನ ಕೇಳಿಯೇಬಿಟ್ಟರು.

“ಅಲ್ಲ ಕಣೇ, ಮೊಟ್ಟೆ ಎಣಿಸ್ತೀಯಂತೆ? ಅದು ಒಳ್ಳೇದಲ್ಲ ಅಂತ ಮಕ್ಕಳಿಗೆ ಹೇಳಬಾರದೇನೆ?”

“ನಮ್ಮಲ್ಲಿ ತಿನ್ನೋದಿಲ್ಲ ಅನ್ನಿ ಅತ್ತೆ, ಒಪ್ತೀನಿ. ಒಳ್ಳೇದಲ್ಲ ಅಂತ ಹೇಗೆ ಹೇಳ್ಲಿ?”

“ನಮಗೆ ಆಗದ್ದು ಒಳ್ಳೇದು ಹೇಗಾಗುತ್ತೆ?”

ಅತ್ತೆ ಮುಗ್ಧವಾಗಿ ಕೇಳಿದ ಈ ಪ್ರಶ್ನೆಯಲ್ಲೇ ಇಡೀ ವಿಷಯ ಅಡಗಿದೆ. ‘ನಾವು ತಿನ್ನುವುದಿಲ್ಲ’ ಎನ್ನುವುದು ಒಂದು ಮಾತು. ‘ಅದು ಆರೋಗ್ಯಕ್ಕೆ ಒಳ್ಳೆಯದಲ್ಲ’ ಎನ್ನುವುದು ಬೇರೆಯೇ ಮಾತು. ಮೊದಲನೆಯದು ನನ್ನ ಬಗ್ಗೆ. ಅದಕ್ಕೆ ಯಾರಿಗೂ ಕಾರಣ ಕೊಡಬೇಕಾಗಿಲ್ಲ. ನನ್ನ ತಾಯಿ ತಿನ್ನಲಿಲ್ಲ, ಪ್ರಾಣಿಗಳ ಮೇಲೆ ನನಗೆ ಕನಿಕರ, ನಮ್ಮ ಆಚಾರ, ಯಾವುದಾದರೂ ಸರಿ. ಎರಡನೆಯದು ಲೋಕದ ಬಗ್ಗೆ ಹೇಳುವ ಮಾತು. ಅದಕ್ಕೆ ಪುರಾವೆ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು ಆರು ಗ್ರಾಂ ಪ್ರೋಟೀನು ಇದೆ, ಸೊಪ್ಪು-ಬೇಳೆಗಳಲ್ಲಿ ಸಿಗದ ಬಿ12 ಜೀವಸತ್ವ ಇದೆ. ನನಗೆ ಬೇಡದ್ದನ್ನು ‘ಕೆಟ್ಟದ್ದು’ ಎಂದು ಕರೆದ ಕೂಡಲೇ ನನ್ನ ಆಚಾರ ವೈದ್ಯದ ವೇಷ ಹಾಕಿಕೊಂಡು ಇನ್ನೊಬ್ಬರ ಅಡುಗೆಮನೆಗೆ ನುಗ್ಗುತ್ತದೆ. ಆಚಾರಕ್ಕೆ ಆ ವೇಷ ಏಕೆ ಬೇಕು? ತನ್ನ ಕಾಲ ಮೇಲೆ ತಾನು ನಿಲ್ಲುವ ಶಕ್ತಿ ಅದಕ್ಕಿಲ್ಲವೆ?

ನಮ್ಮ ತುಮಕೂರಿನವರು ಇದಕ್ಕೆ ದೂರ ಹೋಗಬೇಕಾಗಿಲ್ಲ. 2019ರಲ್ಲಿ ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಊಟ ಎಷ್ಟು ಮಿತವಾಗಿತ್ತೆಂದು ಎಲ್ಲರೂ ಬಲ್ಲರು. ಆದರೆ ಸಾವಿರಾರು ಮಕ್ಕಳಿಗೆ ಅವರು ಬಡಿಸಿದ್ದು ತಮ್ಮ ಪಥ್ಯವನ್ನಲ್ಲ, ಬೆಳೆಯುವ ಹೊಟ್ಟೆಗೆ ಬೇಕಾದ ಮುದ್ದೆ, ಸಾರು, ಅನ್ನವನ್ನು. ಮಠಕ್ಕೆ ಅದರದೇ ನಿಯಮವಿದೆ, ಅಲ್ಲಿ ಸಸ್ಯಾಹಾರವೇ, ತಿಳಿದೇ ತಾಯಿತಂದೆ ಮಕ್ಕಳನ್ನು ಬಿಡುತ್ತಾರೆ. ಸರ್ಕಾರಿ ಶಾಲೆ ಹಾಗಲ್ಲ. ಅದು ಎಲ್ಲ ಮನೆಗಳಿಗೂ ಸೇರಿದ್ದು. ಅಲ್ಲಿ ಒಂದು ಮನೆಯ ಆಚಾರ ಎಲ್ಲರ ಆರೋಗ್ಯವಾಗಲಾರದು.

ಈ ನ್ಯಾಯ ಎರಡು ಕಡೆಗೂ ಹರಿಯಬೇಕು. ಬಾಳೆಹಣ್ಣು ತೆಗೆದುಕೊಂಡ ಹುಡುಗನನ್ನು ಉಳಿದವರು ಪುಳಿಚಾರು ಎಂದು ಅಣಕಿಸಿದರೆ ನಾನು ಸುಮ್ಮನಿರುವುದಿಲ್ಲ. ಕಷ್ಟವಾಗುವುದು ಬೇರೆ ಕಡೆ. ಮನೆಯವರು ಬಾಳೆಹಣ್ಣಿನ ಪಟ್ಟಿಗೆ ಹೆಸರು ಕೊಟ್ಟಿರುವ ಆರನೆಯ ತರಗತಿಯ ಹುಡುಗಿ ಹತ್ತಿರ ಬಂದು, “ಮಿಸ್, ನಾನೂ ಒಂದು ತಿನ್ನಲಾ? ಅಮ್ಮಂಗೆ ಹೇಳಬೇಡಿ” ಎನ್ನುತ್ತಾಳೆ. ಏನು ಮಾಡಬೇಕು? ಊಟ ಅವಳ ಇಚ್ಛೆ ಎನ್ನಲೆ? ತಾಯಿಯ ಮಾತು ಮುರಿಯಲೆ? ಹನ್ನೊಂದು ವರ್ಷದ ಮಗುವಿಗೆ ತಾಯಿಯ ಕಣ್ಣು ತಪ್ಪಿಸಿ ಉಣ್ಣುವುದನ್ನು ಕಲಿಸುವುದು ಮೊಟ್ಟೆ ಕೊಡುವ ಶಕ್ತಿಗಿಂತ ಹೆಚ್ಚಿನ ನಷ್ಟ ಎಂದು ನನ್ನ ನಂಬಿಕೆ. “ಮನೇಲಿ ಕೇಳ್ಕೊಂಡು ಬಾ ಮಗಳೆ, ಹೂಂ ಅಂದ್ರೆ ನಾಳೇನೇ ಕೊಡ್ತೀನಿ” ಎನ್ನುತ್ತೇನೆ. ತಿಂದರೆ ಪಾಪ ಎಂದಾಗಲಿ, ಹೊಟ್ಟೆನೋವು ಬರುತ್ತದೆ ಎಂದಾಗಲಿ ಹೇಳುವುದಿಲ್ಲ. ‘ನಿಮ್ಮ ಮನೆಯಲ್ಲಿ ತಿನ್ನುವುದಿಲ್ಲ’ ಎಂಬ ನಿಜವನ್ನಷ್ಟೇ ಹೇಳುತ್ತೇನೆ. ನಾಳೆ ದೊಡ್ಡವಳಾಗಿ ಅವಳು ತಿನ್ನಬಹುದು, ಬಿಡಬಹುದು. ಆದರೆ ಉಪಾಧ್ಯಾಯಿನಿ ಸುಳ್ಳು ಹೇಳಿದಳು ಎಂದು ಅವಳಿಗೆ ಅನ್ನಿಸಬಾರದು.

ಶಾಲೆಯ ಮಾತು ಇಷ್ಟಾಯಿತು. ಇನ್ನು ಇದನ್ನು ಓದುತ್ತಿರುವ ನಿಮ್ಮ ಮನೆಯ ಮಾತು. ಮಾವನವರಿಗೆ ಸಕ್ಕರೆ, ಅವರಿಗೆ ಮುದ್ದೆ. ಅತ್ತೆಯವರಿಗೆ ಸೋಮವಾರದ ಒಪ್ಪೊತ್ತು, ಅವರಿಗೆ ಉಪ್ಪಿಟ್ಟು. ಮನೆಯವರಿಗೆ ಅನ್ನವಿಲ್ಲದೆ ಊಟ ಮುಗಿಯದು. ಮಗನಿಗೆ ಮೊಳಕೆಕಾಳು, ಮಗಳಿಗೆ ಡಯೆಟ್ಟು. ಎಲ್ಲರ ಆರೋಗ್ಯದ ಅಭಿಪ್ರಾಯಗಳೂ ಒಂದೇ ಒಲೆಯ ಮೇಲೆ ಬೇಯುತ್ತವೆ. ಬೇಯಿಸಿದವಳು ಕೊನೆಯಲ್ಲಿ ತಟ್ಟೆ ಹಾಕಿಕೊಂಡು ಕುಳಿತಾಗ ಅವಳ ಅಭಿಪ್ರಾಯವೇನು ಎಂದು ಕೇಳುವವರಿಲ್ಲ. ಅವಳ ಆಹಾರಶಾಸ್ತ್ರ ಒಂದೇ ಒಂದು ವಾಕ್ಯ: ಮಿಕ್ಕಿದ್ದು ಹಾಳಾಗಬಾರದು. ನಿನ್ನೆಯ ಸಾರು, ತಳ ಹಿಡಿದ ಅನ್ನ, ಮಗಳು ಬಿಟ್ಟ ಅರ್ಧ ಚಪಾತಿ. ಅದರ ಮೇಲೆ ಒಂದು ಲೋಟ ಕಾಫಿ ಅಥವಾ ಟೀ. ಊಟದ ಜೊತೆಗೇ ಅವನ್ನು ಕುಡಿದರೆ ಸೊಪ್ಪು-ರಾಗಿಗಳ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆ, ಅದರ ಬದಲು ನಿಂಬೆಹಣ್ಣು ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ ಎಂಬುದನ್ನು ಅವಳಿಗೆ ಹೇಳಿದವರೂ ಕಡಿಮೆ. ಶೇಕಡ 47.8 ಎಂದೆನಲ್ಲ, ಆ ಅಂಕಿಯಲ್ಲಿ ಇಂಥವರು ಎಷ್ಟೋ ಜನ ಇರಬೇಕು.

ಇದಕ್ಕೆ ನಾವು ತ್ಯಾಗ ಎಂದು ಹೆಸರಿಟ್ಟಿದ್ದೇವೆ. ತ್ಯಾಗವೂ ಊಟದ ಹಾಗೆ ತನ್ನಿಚ್ಛೆಯಿಂದ ಬಂದರೆ ಚೆನ್ನ. ಕೇಳುವವರಿಲ್ಲದೆ ಬಂದದ್ದು ತ್ಯಾಗವಲ್ಲ, ಬರೀ ರೂಢಿ. ಮಕ್ಕಳ ತಟ್ಟೆಗೆ ಮೊಟ್ಟೆಯೋ ಬಾಳೆಹಣ್ಣೋ ಎಂದು ನಾಡೆಲ್ಲ ಚರ್ಚೆ ಮಾಡಿತು, ಒಳ್ಳೆಯದೇ ಆಯಿತು. ಅಡುಗೆಮನೆಯಲ್ಲಿ ನಿಂತವಳ ತಟ್ಟೆಯ ಬಗ್ಗೆ ಯಾರೂ ಆಂದೋಲನ ಮಾಡುವುದಿಲ್ಲ. ಅದನ್ನು ಅವಳೇ ಶುರು ಮಾಡಬೇಕು. ದೊಡ್ಡ ಮಾತೇನೂ ಬೇಡ. ಇವತ್ತು ರಾತ್ರಿ ಎಸರಿಟ್ಟಾಗ ನಿಮ್ಮ ಮುದ್ದೆಯನ್ನೂ ಎಣಿಸಿಕೊಂಡು ಹಿಟ್ಟು ಹಾಕಿ.