ಇಂದಿನ ಧಮ್ಮ ಚಿಂತನೆ: ಎರಡು ‘ಮುಟ್ಟಬೇಡಿ’ಗಳು



ಉತ್ತರ ಆಸ್ಟ್ರೇಲಿಯಾದ ಕ್ಯಾಥರಿನ್ ಪಟ್ಟಣದ ಹತ್ತಿರ, ಜಾವೊಯಿನ್ ಮೂಲನಿವಾಸಿಗಳ ನುಡಿಯ ಹೆಸರು ಹೊತ್ತ ಕಟ್ಟಾ ಕಟ್ಟಾ ಗುಹೆಗಳಿವೆ. ಮಾರ್ಗದರ್ಶಕರಿಲ್ಲದೆ ಒಳಗೆ ಪ್ರವೇಶವಿಲ್ಲ. ಇಂಥ ಸುಣ್ಣಕಲ್ಲಿನ ಗುಹೆಗಳಿಗೆ ಹೋದವರು ಕೇಳುವ ಮಾತು: ಮುಟ್ಟಬೇಡಿ. ಕೈಯ ಜಿಡ್ಡು ತಗುಲಿದರೆ ಹನಿಹನಿಯಾಗಿ ಬೆಳೆಯುವ ಕಲ್ಲು ಕೆಡುತ್ತದೆ. ಟಾರ್ಚ್ ಬಿಟ್ಟರೆ ಬಾವಲಿಗಳು ಬೆದರುತ್ತವೆ.

‘ಮುಟ್ಟಬೇಡಿ’ ಎಂದರೆ ನಮ್ಮ ಎದೆ ಉರಿಯುತ್ತದೆ. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿ ಬಾಬಾಸಾಹೇಬರು ಆ ಕಟ್ಟಳೆ ಮುರಿದರು. ಅದು ಮನುಷ್ಯರ ಮೇಲಿನ ತಿರಸ್ಕಾರದಿಂದ ಹುಟ್ಟಿದ್ದು. ಗುಹೆಯದು ಜೀವಗಳ ಮೇಲಿನ ಕರುಣೆಯಿಂದ. ಅದನ್ನು ಮುರಿಯುವುದು ಧಮ್ಮ, ಇದನ್ನು ಪಾಲಿಸುವುದೂ ಧಮ್ಮ.

ಇಂದಿನ ಸಂಕಲ್ಪ: ಯಾವ ನಿಯಮ ಎದುರಾದರೂ, ಇದು ಯಾರನ್ನು ಕಾಯುತ್ತದೆ, ಯಾರನ್ನು ತುಳಿಯುತ್ತದೆ ಎಂದು ಕೇಳೋಣ.

ಭವತು ಸಬ್ಬ ಮಂಗಲಂ 🙏